ತಮ್ಮನ ಸಾಲು ಮತ್ತು ಖಾನಾಪುರದ ಭಟ್ಟಿ

೨೦೨೨ರಲ್ಲಿ ನಾನು ಬೆಳಗಾವಿಯ ಉದ್ಯಮಬಾಗದ ಒಂದು ಚಿಕ್ಕ ಕಂಪನಿಯಲ್ಲಿ ಟೆಸ್ಟ್ ಎಂಜಿನಿಯರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ನಾನು ಓದಿದ್ದು ಡಿಪ್ಲೊಮಾ. ಫೌಂಡ್ರಿಯ ಫರ್ನೇಸು, ಹೆಂಚಿನ ಭಟ್ಟಿ, ಬೇಕರಿಯ ಒಲೆ, ಇಂಥವುಗಳ ಶಾಖ ನೋಡಿಕೊಳ್ಳುವ ಕಂಟ್ರೋಲರ್ ಪೆಟ್ಟಿಗೆಗಳನ್ನು ನಮ್ಮಲ್ಲಿ ಮಾಡುತ್ತಿದ್ದರು. ಪೆಟ್ಟಿಗೆ ನಡೆಯುವುದು ಅದರೊಳಗಿನ ಸಾಫ್ಟ್‌ವೇರ್‌ನಿಂದ. ಅದು ಸರಿಯಾಗಿ ನಡೆಯುತ್ತದೆಯೇ ಎಂದು ಮೇಜಿನ ಮೇಲೆ ಪರೀಕ್ಷಿಸಿ, ಗ್ರಾಹಕರಿಗೆ ಕಳಿಸಬಹುದು ಎಂದು ಒಪ್ಪಿಗೆ ಕೊಡುವುದು ನನ್ನ ಕೆಲಸ.

ಆ ವರ್ಷ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಅದನ್ನು ಬಿಲ್ಡ್ ಎನ್ನುತ್ತಾರೆ. ಅದು ನನ್ನ ತಮ್ಮ ಭರತೇಶನ ಕೆಲಸವಾಗಿತ್ತು. ನನ್ನನ್ನು ಆ ಕಂಪನಿಗೆ ಸೇರಿಸಿದವನೂ ಅವನೇ. ಖಾಸಬಾಗದ ನಮ್ಮ ಮನೆಯಿಂದ ಇಬ್ಬರೂ ಅವನ ಬೈಕಿನ ಮೇಲೆ ಹೋಗುತ್ತಿದ್ದೆವು. ಅವನು 'ಅಕ್ಕಾ' ಎಂದು ಕರೆಯುತ್ತಿದ್ದುದರಿಂದ ಆಫೀಸಿನವರೆಲ್ಲರಿಗೂ ನಾನು ಅಕ್ಕನಾದೆ. ಹಿಂದಿನ ವರ್ಷದ ಮಳೆಗಾಲದಲ್ಲಿ ಅವನಿಗೆ ಡೆಂಗೀ ಬಂತು. ಜ್ವರ ಇಳಿಯಿತು, ಮನೆಗೆ ಕರೆದುಕೊಂಡು ಹೋಗಬಹುದು ಎಂದುಕೊಂಡ ದಿನವೇ ತೀರಿಕೊಂಡ. ಆಮೇಲೆ ನಾನು ಸಿಟಿ ಬಸ್ಸಿನಲ್ಲಿ ಹೋಗತೊಡಗಿದೆ.

ಬಿಲ್ಡ್ ಎಂದರೆ ಏನು ಎಂದು ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹತ್ತಾರು ಫೈಲುಗಳಲ್ಲಿ ಬರೆದ ಪ್ರೋಗ್ರಾಮನ್ನು ಜೋಡಿಸಿ, ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದು, ಒಂದು ಗಂಟು ಕಟ್ಟಬೇಕು. ಆ ಗಂಟನ್ನು ಪೆಟ್ಟಿಗೆಗೆ ಹಾಕುತ್ತೇವೆ. ಇದನ್ನು ಕೈಯಿಂದ ಮಾಡಿದರೆ ಒಂದಲ್ಲ ಒಂದು ಹೆಜ್ಜೆ ಮರೆತುಹೋಗುತ್ತದೆ. ಅದಕ್ಕೆಂದೇ ಬಿಲ್ಡ್ ಟೂಲ್ ಇದೆ. ಯಾವುದರ ನಂತರ ಯಾವುದು ಎಂದು ಒಂದು ಫೈಲಿನಲ್ಲಿ ಬರೆದುಕೊಟ್ಟರೆ ಅದು ತಪ್ಪದೆ ಮಾಡುತ್ತದೆ. ಫೈಲಿನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಹೆಸರು ಇರುತ್ತದೆ. ಅದಕ್ಕೆ ಟಾರ್ಗೆಟ್ ಎನ್ನುತ್ತಾರೆ.

ಭರತೇಶನ ಫೈಲಿನಲ್ಲಿ ಮುಖ್ಯವಾಗಿ ಮೂರು ಟಾರ್ಗೆಟ್ಟುಗಳು. ಮೊದಲನೆಯದು 'ಗ್ರಾಹಕ'. ಅದು ಆ ಗ್ರಾಹಕರ ಭಟ್ಟಿ ಎಷ್ಟು ಡಿಗ್ರಿ ದಾಟಿದರೆ ಸೈರನ್ ಕೂಗಬೇಕು ಎಂಬ ಮಿತಿಯನ್ನು ಓದಿಕೊಳ್ಳುತ್ತದೆ. ಎರಡನೆಯದು 'ಪ್ಯಾಕ್'. ಅದು ಆ ಮಿತಿಯನ್ನು ಒಳಗಿಟ್ಟು ಗಂಟು ಕಟ್ಟುತ್ತದೆ. ಮೂರನೆಯದು 'ರಿಲೀಸ್'. ಅದರಲ್ಲಿ ಬೇರೆ ಕೆಲಸವಿಲ್ಲ. ಮೊದಲು ಗ್ರಾಹಕ, ಆಮೇಲೆ ಪ್ಯಾಕ್ ಎಂಬ ಒಂದೇ ಸಾಲು. ನಾವು ರಿಲೀಸ್ ಎಂದು ಹೇಳಿದರೆ ಸಾಕು, ಉಳಿದೆರಡೂ ಕ್ರಮವಾಗಿ ಆಗಿಬಿಡುತ್ತಿದ್ದವು. ಅವನು ಬರೆದದ್ದು ಹಾಗೇ ಇರುತ್ತಿತ್ತು, ಕಡಿಮೆ ಮಾತು.

ನಮ್ಮ ಗ್ರಾಹಕರಲ್ಲಿ ಖಾನಾಪುರದ ಒಂದು ಮಣ್ಣಿನ ಕಾರ್ಖಾನೆಯೂ ಇತ್ತು. ಹೂವಿನ ಕುಂಡ, ನೀರಿನ ಹೂಜಿ, ಅಡುಗೆಯ ಮಡಕೆ, ಹಣತೆ, ಇವೆಲ್ಲ ಅಲ್ಲಿ ಆಗುತ್ತಿದ್ದವು. ಗ್ಯಾಸಿನ ಭಟ್ಟಿ. ಅದರ ಪೆಟ್ಟಿಗೆಯನ್ನು ಮೂರು ವರ್ಷದ ಹಿಂದೆ ಭರತೇಶನೇ ಹೋಗಿ ಕೂಡಿಸಿ ಬಂದಿದ್ದ. ಕಾರ್ಖಾನೆಯನ್ನು ನಡೆಸುವವರು ಶಾಲಿನಿಬಾಯಿ ಎಂಬ ಹೆಣ್ಣುಮಗಳು. ೨೦೨೨ರ ಮಳೆಗಾಲದ ಕೊನೆಗೆ ಅವರು ಫೋನ್ ಮಾಡಿ, ಪೆಟ್ಟಿಗೆಯ ಪರದೆಯ ಮೇಲೆ ಬರುವ ಮಾತುಗಳು ಮರಾಠಿಯಲ್ಲಿಯೂ ಬರಬೇಕು ಎಂದು ಕೇಳಿದರು. ಅವರಲ್ಲಿ ಕೆಲಸ ಮಾಡುವವರು ಹೆಚ್ಚಿನವರು ಮರಾಠಿ ಶಾಲೆಯಲ್ಲಿ ಓದಿದವರು. ಕೇಳಿದ್ದು ನ್ಯಾಯವಾಗಿತ್ತು.

ಮಾತುಗಳನ್ನು ಮರಾಠಿಗೆ ತರುವುದು ಕಷ್ಟವಾಗಲಿಲ್ಲ. ಅವುಗಳನ್ನು ಗಂಟಿನೊಳಗೆ ಸೇರಿಸಲು ನಾನು 'ಭಾಷೆ' ಎಂಬ ಒಂದು ಹೊಸ ಟಾರ್ಗೆಟ್ ಬರೆದೆ. ಅದು ಗ್ರಾಹಕ ಮತ್ತು ಪ್ಯಾಕ್ ಇವೆರಡರ ನಡುವೆ ನಡೆಯಬೇಕು. ಅಂದರೆ ತಮ್ಮನ ಆ ಒಂದು ಸಾಲಿನ ನಡುವೆ ಒಂದು ಪದ ಸೇರಿಸಬೇಕು. ಅಷ್ಟೇ ಕೆಲಸ.

ನಾನು ಅದನ್ನು ಮಾಡಲಿಲ್ಲ.

ನಮ್ಮ ಫೈಲುಗಳ ಬದಲಾವಣೆಗಳನ್ನೆಲ್ಲ ಕಂಪ್ಯೂಟರ್ ನೆನಪಿಟ್ಟುಕೊಳ್ಳುತ್ತದೆ. ನೋಡಬೇಕೆಂದರೆ ಪ್ರತಿ ಸಾಲಿನ ಪಕ್ಕದಲ್ಲಿ ಆ ಸಾಲನ್ನು ಕೊನೆಗೆ ಮುಟ್ಟಿದವರ ಹೆಸರು ಬರುತ್ತದೆ. ಆ ಫೈಲನ್ನು ತೆರೆದರೆ ಎಡಗಡೆ ಉದ್ದಕ್ಕೂ ಭರತೇಶ, ಭರತೇಶ, ಭರತೇಶ ಎಂದು ಇರುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಎಷ್ಟೋ ಸಲ ನಾನು ಅದನ್ನು ಸುಮ್ಮನೆ ತೆರೆದು ನೋಡಿದ್ದೇನೆ. ಒಂದು ಪದ ಸೇರಿಸಿದರೆ ಆ ಸಾಲಿನ ಪಕ್ಕ ಅವನ ಹೆಸರು ಹೋಗಿ ನನ್ನದು ಬರುತ್ತಿತ್ತು.

ಆಫೀಸಿನಲ್ಲಿಯೂ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಾಲೀಕರಾದ ಶಿವಾನಂದ ಸರ್ ಒಮ್ಮೆ, "ಅದು ಭರತೇಶನ ಫೈಲ್ ಐತಿ. ನಡಿಯಾಕ ಹತ್ತೈತಿ ಅಂದಮ್ಯಾಲ ನಡೀಲಿ ಬಿಡ್ರಿ ಅಕ್ಕಾರ" ಎಂದಿದ್ದರು. ಅವರು ಪ್ರೀತಿಯಿಂದ ಅಂದದ್ದು. ನನಗೂ ಅದು ಬೇಕಾಗಿತ್ತು.

ಆದ್ದರಿಂದ ನಾನು ಬೇರೆ ದಾರಿ ಹಿಡಿದೆ. ಅವನ ಸಾಲುಗಳೆಲ್ಲ ಮುಗಿದ ಮೇಲೆ, ಫೈಲಿನ ತಳದಲ್ಲಿ, 'ಖಾನಾಪುರ' ಎಂಬ ನನ್ನದೇ ಒಂದು ಟಾರ್ಗೆಟ್ ಬರೆದೆ. ಒಂದು ಟಾರ್ಗೆಟ್ಟಿನೊಳಗಿಂದ ಇನ್ನೊಂದನ್ನು ಕರೆಯಲು ಆ ಟೂಲಿನಲ್ಲಿ ಅನುಕೂಲವಿದೆ. ನನ್ನದು ಮೊದಲು ಅವನ ಗ್ರಾಹಕವನ್ನು ಕರೆಯಿತು, ಆಮೇಲೆ ನನ್ನ ಭಾಷೆಯನ್ನು, ಕೊನೆಗೆ ಅವನ ಪ್ಯಾಕನ್ನು. ಅವನ ಒಂದು ಅಕ್ಷರವೂ ಬದಲಾಗಲಿಲ್ಲ. ನಡೆಸಿ ನೋಡಿದೆ. ಪರದೆಯ ಕೊನೆಯಲ್ಲಿ 'ಬಿಲ್ಡ್ ಸಕ್ಸೆಸ್‌ಫುಲ್' ಎಂದು ಬಂತು.

ಮೊದಲು ಅವನು ಬಿಲ್ಡ್ ಮಾಡುತ್ತಿದ್ದ, ನಾನು ಪರೀಕ್ಷಿಸುತ್ತಿದ್ದೆ. ಅವನ ತಪ್ಪು ಹಿಡಿಯುವುದು ನನಗೆ ಆಟ, ಹಿಡಿಯದಂತೆ ಮಾಡುವುದು ಅವನಿಗೆ. ಈಗ ಎರಡೂ ನನ್ನವೇ. ಅಡುಗೆ ಮಾಡಿದವರೇ ರುಚಿ ನೋಡಿ ಚೆನ್ನಾಗಿದೆ ಎಂದ ಹಾಗೆ. ಮರಾಠಿ ಮಾತುಗಳು ಪರದೆಯ ಮೇಲೆ ಸರಿಯಾಗಿ ಬಂದವು. ಸೈರನ್ನಿನ ಪರೀಕ್ಷೆಯ ಗುಂಡಿ ಒತ್ತಿದೆ, ಕೂಗಿತು. ಸುಳ್ಳು ಶಾಖ ಕೊಟ್ಟು ಮಿತಿ ದಾಟಿಸಿ ನೋಡುವುದು ನಿಯಮ. ಅದಕ್ಕೆ ಸಮಯ ಹಿಡಿಯುತ್ತದೆ. ಮಿತಿಯ ಭಾಗ ತಮ್ಮ ಬರೆದದ್ದು, ನಾನು ಅದನ್ನು ಮುಟ್ಟಿಯೇ ಇಲ್ಲ, ಅದರಲ್ಲಿ ನೋಡುವುದೇನು ಎಂದು ಬಿಟ್ಟೆ. ಶಿವಾನಂದ ಸರ್ ಖಾನಾಪುರಕ್ಕೆ ಹೋಗಿ ಹೊಸದನ್ನು ಪೆಟ್ಟಿಗೆಗೆ ಹಾಕಿ, ಅವರೂ ಗುಂಡಿ ಒತ್ತಿ ನೋಡಿ ಬಂದರು.

ದೀಪಾವಳಿ ಹತ್ತಿರ ಬರುತ್ತಿದ್ದ ಹೊತ್ತಿಗೆ ಶಾಲಿನಿಬಾಯಿಯವರ ಫೋನ್ ಬಂತು. ಸರ್ ಸ್ಪೀಕರಿಗೆ ಹಾಕಿದರು.

"ಭಟ್ಟಿ ಪೂರಾ ಹೋತ್ರಿ. ಹಣತಿ, ಕುಂಡ, ಎಲ್ಲಾ ಒಂದಕ್ಕೊಂದು ಹತ್ತಿಕೊಂಡು ಮುದ್ದಿ ಆಗೇತಿ" ಎಂದರು ಅವರು.

"ಭೋಂಗಾ ಹೊಡೀಲಿಲ್ಲೇನ್ರಿ ಬಾಯಿ?" ಎಂದು ಸರ್ ಕೇಳಿದರು. ಸೈರನ್ನಿಗೆ ನಮ್ಮ ಕಡೆ ಭೋಂಗಾ ಎನ್ನುತ್ತಾರೆ.

"ಮಾರುತಿ ಹೊಡೀಲಿಲ್ಲ ಅಂತಾನ್ರಿ. ಊಟದ ಮ್ಯಾಲ ಆಗಿದ್ದು. ಮಲಗಿದ್ನೋ ಏನೋ, ನನಗೇನ ಗೊತ್ತು. ನೀವು ಬಂದು ನೋಡಿ ಹೇಳ್ರಿ. ನಿಮ್ಮ ಮಷೀನ್ ತಪ್ಪೋ, ನಮ್ಮ ಮನಷ್ಯಾಂದು ತಪ್ಪೋ."

ಮಾರುತಿ ಆ ಭಟ್ಟಿಯ ಮನುಷ್ಯ. ಭಟ್ಟಿ ತುಂಬುವುದು, ಹಚ್ಚುವುದು, ಆರಿಸುವುದು ಎಲ್ಲ ಅವರದೇ.

ಮರುದಿನ ನಾನೂ ಸರ್ ಜೊತೆ ಖಾನಾಪುರಕ್ಕೆ ಹೋದೆ. ಭಟ್ಟಿಯ ಬಾಗಿಲು ತೆರೆದಿತ್ತು. ಒಳಗೆ ಹಣತೆಗಳು ಹಣತೆಗಳಾಗಿ ಉಳಿದಿರಲಿಲ್ಲ, ಕರಗಿ ಉಬ್ಬಿ ಕಪ್ಪಾಗಿ ಒಂದರ ಮೇಲೊಂದು ಕುಸಿದಿದ್ದವು. ಗ್ಯಾಸಿನ ವಾಲ್ವ್ ಸಿಕ್ಕಿಕೊಂಡು ಮುಚ್ಚದೆ ಹೋಗಿತ್ತು. ಹಾಗೆ ಆಗುವುದು ಉಂಟು. ಆಗ ಸೈರನ್ ಕೂಗಬೇಕು, ಮನುಷ್ಯ ಬಂದು ಕೈಯಿಂದ ಗ್ಯಾಸ್ ಬಂದ್ ಮಾಡಬೇಕು. ಅಲ್ಲಿ ಸುಡುವುದು ೯೫೦ ಡಿಗ್ರಿಗೆ, ಸೈರನ್ನಿನ ಮಿತಿ ೯೮೦. ಒಳಗಿನ ಮಡಕೆಗಳನ್ನು ನೋಡಿದರೆ ೧೧೦೦ ದಾಟಿದ್ದು ಸ್ಪಷ್ಟವಿತ್ತು.

ಮಾರುತಿ ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಐವತ್ತು ದಾಟಿದವರು, ತಲೆಯ ಮೇಲೆ ಬಿಳಿ ಟೋಪಿ. ಮಣ್ಣು ಹದ ಮಾಡುವ ಹೆಂಗಸರು, ಚಕ್ರದ ಮೇಲೆ ಕೂಡುವ ಗಂಡಸರು, ಎಲ್ಲರೂ ಕೆಲಸ ಬಿಟ್ಟು ಬಂದು ಸುತ್ತ ನಿಂತಿದ್ದರು.

ನಾನು ಪೆಟ್ಟಿಗೆಯ ಗುಂಡಿ ಒತ್ತಿದೆ. ಸೈರನ್ ಕೂಗಿತು. ಎಲ್ಲರೂ ಕಿವಿ ಮುಚ್ಚಿಕೊಂಡರು.

"ಮತ್ತ ಇದು ಚಲೋನ ಐತೆಲ್ರಿ" ಎಂದೆ.

"ಈಗ ಹೊಡಿತ್ರಿ ಅಕ್ಕಾರ. ಅವತ್ತು ಹೊಡೀಲಿಲ್ಲ" ಎಂದರು ಮಾರುತಿ. "ನಾ ಹಿಂದ ಶೆಡ್ಡಿನ್ಯಾಗ ಹಸಿ ಕುಂಡ ತಿರುವಿ ಇಡಾಕ ಹತ್ತಿದ್ದೆ. ಹೊಡದಿದ್ರ ಅಲ್ಲಿತನಾ ಕೇಳತೈತಿ."

ಗುಂಪಿನಿಂದ ಯಾರೋ, "ಮಾರುತಿ ಭಾಕರಿ ತಿಂದು ಮಗ್ಗಲಾದ್ರ ಆನಿ ತುಳದ್ರೂ ಎಚ್ಚರಾಗೂದಿಲ್ರಿ" ಎಂದರು. ನಕ್ಕರು. ಅದು ಸ್ನೇಹದ ಕುಚೇಷ್ಟೆ, ದಿನಾ ನಡೆಯುವಂಥದು. ನಾನು ಅದನ್ನು ಸಾಕ್ಷಿಯ ಹಾಗೆ ತೆಗೆದುಕೊಂಡೆ.

"ಖರೇ ಹೇಳ್ರಿ, ನಿದ್ದಿ ಹತ್ತಿತ್ತೇನು?" ಎಂದು ಕೇಳಿದೆ. ಅಷ್ಟು ಜನರ ಮುಂದೆ, ನನಗಿಂತ ಹಿರಿಯರನ್ನು.

"ಇಲ್ರಿ" ಎಂದರು ಅವರು.

ಶಾಲಿನಿಬಾಯಿ ನನ್ನ ಮುಖ ನೋಡಿದರು. ನಾನು ಹೇಳಿದ್ದು ಇಷ್ಟು: "ಭೋಂಗಾ ಸರಿ ಐತ್ರಿ ಬಾಯಿ. ಮಷೀನಿಗೆ ಸುಳ್ಳ ಹೇಳಾಕ ಬರೂದಿಲ್ಲ."

ನಾನು ಯಾಕೆ ಹಾಗೆ ಅಂದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಆ ಮಾತಿನಲ್ಲಿ ಮಷೀನ್ ಎಂದರೆ ನನಗೆ ಮಷೀನ್ ಆಗಿರಲಿಲ್ಲ. ಮಿತಿ ನೋಡಿಕೊಳ್ಳುವ ಆ ಭಾಗ ಭರತೇಶ ಬರೆದದ್ದು. ಅವನದು ತಪ್ಪು ಎನ್ನುವುದಕ್ಕಿಂತ ಎದುರಿಗೆ ನಿಂತ ಈ ಅಪರಿಚಿತರದು ತಪ್ಪು ಎನ್ನುವುದು ನನಗೆ ಸುಲಭವಾಗಿತ್ತು. ನನ್ನದು ತಪ್ಪಿರಬಹುದು ಎಂಬುದು ಆ ಕ್ಷಣ ಹೊಳೆಯಲೂ ಇಲ್ಲ.

ಶಾಲಿನಿಬಾಯಿ ಕೆಟ್ಟವರಲ್ಲ, ಮಾರುತಿಯವರನ್ನು ಕೆಲಸದಿಂದ ತೆಗೆಯಲಿಲ್ಲ. ಭಟ್ಟಿಯಿಂದ ಮಾತ್ರ ತೆಗೆದರು. "ಸದ್ಯೇಕ ಮಣ್ಣಿನ ಕಡೆ ಇರು" ಎಂದರು. ಮಣ್ಣಿನ ಕಡೆ ಎಂದರೆ ಹೊಸದಾಗಿ ಸೇರಿದವರು ಮಾಡುವ ಕೆಲಸ, ಕಾಲಿನಿಂದ ಮಣ್ಣು ತುಳಿದು ಹದ ಮಾಡುವುದು. ಅವರು ಭಟ್ಟಿಯ ದಪ್ಪ ಕೈಗವುಸುಗಳನ್ನು ತೆಗೆದು ಪೆಟ್ಟಿಗೆಯ ಮೇಲಿಟ್ಟು ಆ ಕಡೆ ನಡೆದರು. ನಾವು ಚಹಾ ಕುಡಿದು ಬೆಳಗಾವಿಗೆ ಹೊರಟೆವು. ದಾರಿಯಲ್ಲಿ ಸರ್, "ಬರೊಬ್ಬರಿ ಮಾತಾಡಿದ್ರಿ" ಎಂದು ಹೊಗಳಿದರು.

ಕೆಲವು ದಿನಗಳ ನಂತರ ಒಂದು ಫೌಂಡ್ರಿಯವರು ತಮಗೂ ಮರಾಠಿ ಬೇಕು ಎಂದರು. ನನ್ನ ಖಾನಾಪುರದ ಟಾರ್ಗೆಟ್ಟನ್ನೇ ನಕಲು ಮಾಡಿ, ಹೆಸರು ಬದಲಿಸಿ ನಡೆಸಿದೆ. ಮತ್ತೆ ಬಿಲ್ಡ್ ಸಕ್ಸೆಸ್‌ಫುಲ್. ಅವರ ಫರ್ನೇಸಿನ ಮಿತಿ ೭೬೦. ಖಾನಾಪುರದ ಗಲಾಟೆ ಮನಸ್ಸಿನಲ್ಲಿತ್ತು, ಹೀಗಾಗಿ ಈ ಸಲ ನಿಯಮದಂತೆ ಸುಳ್ಳು ಶಾಖ ಕೊಟ್ಟು ನೋಡಲು ಕೂತೆ.

ಅಂಕಿ ಏರಿತು. ೭೬೦ ದಾಟಿತು. ಸೈರನ್ ಕೂಗಲಿಲ್ಲ. ತಂತಿ ಸಡಿಲಾಗಿರಬೇಕು ಎಂದು ಅಲ್ಲಾಡಿಸಿದೆ. ೯೦೦ ಆಯಿತು, ೧೦೦೦ ಆಯಿತು. ಪಕ್ಕದ ಮೇಜಿನವರು, "ಅಕ್ಕಾ, ಎಷ್ಟಂತ ಕಾಸ್ತೀರಿ, ಚಹಾ ಮಾಡಾಕತ್ತೀರೇನು" ಎಂದು ನಕ್ಕರು. ನಾನು ನಿಲ್ಲಿಸಲಿಲ್ಲ. ೧೨೫೦ಕ್ಕೆ ಸೈರನ್ ಕೂಗಿತು.

ಆ ಅಂಕಿಯನ್ನು ಕಂಡ ಕೂಡಲೇ ನನಗೆ ಎಲ್ಲ ತಿಳಿಯಿತು. ೧೨೫೦ ಯಾವ ಗ್ರಾಹಕರ ಮಿತಿಯೂ ಅಲ್ಲ. ಅದು ನಮ್ಮ ಮೇಜಿನದು. ದಿನವಿಡೀ ಪರೀಕ್ಷೆ ನಡೆಯುವಾಗ ಸೈರನ್ ಕೂಗಿ ಎಲ್ಲರ ತಲೆ ಚಿಟ್ಟು ಹಿಡಿಯಬಾರದೆಂದು ಭರತೇಶ ಪ್ಯಾಕಿನೊಳಗೆ ಆ ಅಂಕಿ ಇಟ್ಟಿದ್ದ. ಆ ಟೂಲಿನಲ್ಲಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದಂಥ ಒಂದು ಕಟ್ಟಳೆ ಇದೆ. ಒಂದು ಅಂಕಿಯ ಜಾಗಕ್ಕೆ ಯಾರು ಮೊದಲು ಬರುತ್ತಾರೋ ಜಾಗ ಅವರದು, ಆಮೇಲೆ ಬಂದವರಿಗೆ ಇಲ್ಲ. ಅವನ ಸಾಲಿನಲ್ಲಿ ಗ್ರಾಹಕ ಮೊದಲು ಬಂದು ನಿಜವಾದ ಮಿತಿಯನ್ನು ಕೂಡಿಸುತ್ತಿತ್ತು. ಪ್ಯಾಕಿನ ೧೨೫೦ ಬಂದು ನೋಡಿ, ಜಾಗವಿಲ್ಲವೆಂದು ಸುಮ್ಮನಾಗುತ್ತಿತ್ತು. ಗ್ರಾಹಕರೇ ಇಲ್ಲದ ಮೇಜಿನ ಬಿಲ್ಡಿಗೆ ಮಾತ್ರ ಅದು ಬಳಕೆಯಾಗುತ್ತಿತ್ತು.

ನಾನು ಆ ಸಾಲನ್ನು ಬಿಟ್ಟು, ಹೊರಗಿನಿಂದ ಒಂದೊಂದನ್ನೇ ಕರೆದಿದ್ದೆ. ಹಾಗೆ ಕರೆದಾಗ ಟೂಲು ಕರೆಸಿಕೊಂಡವರ ಕೈಗೆ ನಮ್ಮಲ್ಲಿರುವ ಅಂಕಿಗಳ ಒಂದು ಝೆರಾಕ್ಸ್ ಕೊಟ್ಟು ಕಳಿಸುತ್ತದೆ. ಅವರು ಏನು ಬರೆದರೂ ಆ ಝೆರಾಕ್ಸಿನ ಮೇಲೆಯೇ. ಕೆಲಸ ಮುಗಿದಾಗ ಅದನ್ನು ಹರಿದು ಹಾಕಲಾಗುತ್ತದೆ, ಕರೆದವರ ಕೈಯಲ್ಲಿರುವ ಮೂಲಪ್ರತಿ ಇದ್ದ ಹಾಗೇ ಇರುತ್ತದೆ. ಗ್ರಾಹಕ ೯೮೦ ಎಂದು ಸರಿಯಾಗಿಯೇ ಓದಿತು. ಓದಿದ್ದು ಅಲ್ಲೇ ಹೋಯಿತು. ಪ್ಯಾಕ್ ಬಂದಾಗ ಜಾಗ ಖಾಲಿ ಇತ್ತು, ೧೨೫೦ ಬಂದು ಕೂತಿತು. ಭಾಷೆಯ ಕೆಲಸ ಫೈಲುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಇಡುವುದು, ಇಟ್ಟ ಫೈಲು ಇಟ್ಟಲ್ಲೇ ಇರುತ್ತದೆ. ಅದಕ್ಕೇ ಮರಾಠಿ ಸರಿಯಾಗಿ ಬಂದಿತ್ತು. ಯಾವ ಹೆಜ್ಜೆಯೂ ತಪ್ಪಿರಲಿಲ್ಲವಾದ್ದರಿಂದ ಟೂಲು ಸಕ್ಸೆಸ್‌ಫುಲ್ ಎಂದಿತ್ತು.

ಈ ವಿಷಯ ಟೂಲಿನ ಕೈಪಿಡಿಯಲ್ಲಿಯೇ ಇದೆ. ನಾನು ಓದಿರಲಿಲ್ಲ. ತಮ್ಮ ಓದಿದ್ದ, ಅದಕ್ಕೇ ಅವನು ಕರೆಯುವ ಬದಲು ಸಾಲು ಬರೆದಿದ್ದ.

ಆ ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಅವನ ಫೈಲು ತೆರೆದು, ಆ ಸಾಲಿನಲ್ಲಿ ಗ್ರಾಹಕ ಮತ್ತು ಪ್ಯಾಕ್ ನಡುವೆ ಭಾಷೆ ಎಂಬ ಪದ ಸೇರಿಸಿದೆ. ತಳದಲ್ಲಿ ನಾನು ಬರೆದದ್ದನ್ನೆಲ್ಲ ಅಳಿಸಿದೆ. ಮತ್ತೆ ಶಾಖ ಕೊಟ್ಟೆ. ೭೬೦ಕ್ಕೆ ಸರಿಯಾಗಿ ಕೂಗಿತು. ಆ ಸಾಲಿನ ಪಕ್ಕದಲ್ಲಿ ಅವನ ಹೆಸರು ಹೋಗಿ ನನ್ನ ಹೆಸರು ಬಂತು. ಅಷ್ಟು ದಿನ ನಾನು ಹೆದರಿದ್ದು ಇದಕ್ಕೇ. ಆಗ ನೋಡಿದರೆ ಅಳು ಬರಲಿಲ್ಲ. ಮಣ್ಣು ತುಳಿಯುತ್ತಿರುವ ಮಾರುತಿಯವರೇ ಕಣ್ಣ ಮುಂದೆ ಬರುತ್ತಿದ್ದರು.

ಶಿವಾನಂದ ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಹೇಳೂದಂತೂ ಹೇಳಬೇಕ್ರಿ. ಹಣತಿ ಹಾಳಾಗಿದ್ದಕ್ಕ ನಾವು ಹೊಣಿ" ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಹೆಸರ ಹೇಳೂದು ಬ್ಯಾಡ ಅಕ್ಕಾರ. ಹಳೀ ಫೈಲಿನ್ಯಾಗ, ಭರತೇಶನ ಕಾಲದ್ದು, ಒಂದು ದೋಷ ಇತ್ತು ಅನ್ನೂಣು. ಅಂವಗ ಈಗ ಯಾರ ಏನ ಅಂತಾರ? ನಾಳಿ ಅಲ್ಲಿಗೆ ಹೋಗಿ ಕೆಲಸಾ ಮಾಡಾವರು ನೀವು. ನಿಮ್ಮ ಮ್ಯಾಲ ಭರೋಸಾ ಉಳೀಬೇಕು."

ನಾನು ಬೇಡ ಎನ್ನಬೇಕಾಗಿತ್ತು. ತಲೆ ಅಲ್ಲಾಡಿಸಿದೆ. ಯಾವ ಕಡೆಗೆ ಅಲ್ಲಾಡಿಸಿದೆ ಎಂದು ನನಗೇ ಸ್ಪಷ್ಟವಿರಲಿಲ್ಲ, ಅವರು ಒಪ್ಪಿಗೆ ಎಂದು ತಿಳಿದರು. ನಾನೂ ತಿದ್ದಲಿಲ್ಲ.

ಖಾನಾಪುರಕ್ಕೆ ಎರಡನೆಯ ಸಲ ಹೋದಾಗ ಮೊದಲು ಪೆಟ್ಟಿಗೆಗೆ ಸರಿಯಾದದ್ದನ್ನು ಹಾಕಿದೆ. ಶಾಲಿನಿಬಾಯಿ ಮಾರುತಿಯವರನ್ನು ಕರೆಸಿದರು. ಅವರು ಮೊಣಕಾಲಿನವರೆಗೆ ಮಣ್ಣು ಮೆತ್ತಿಕೊಂಡೇ ಬಂದು, ಒಳಗೆ ನೆಲ ಹೊಲಸಾಗುತ್ತದೆಂದು ಹೊಸ್ತಿಲಾಚೆ ನಿಂತರು.

ಸರ್ ಹೇಳಿದರು. ತಪ್ಪು ಮಾರುತಿಯವರದಲ್ಲ, ಸಾಫ್ಟ್‌ವೇರಿನದು. ಹಳೆಯ ಫೈಲಿನಲ್ಲಿ ದೋಷವಿತ್ತು. ಅದನ್ನು ಬರೆದವರು ಈಗ ಇಲ್ಲ.

ಶಾಲಿನಿಬಾಯಿ, "ಅಯ್ಯೋ ಪಾಪ. ಹೋದಾವರ ಮ್ಯಾಲ ಏನಂತ ಸಿಟ್ಟ ಮಾಡೂದ್ರಿ" ಎಂದರು. ನನ್ನ ಕಡೆ ನೋಡಿ ಮರುಗಿದರು. ಭರತೇಶ ನನ್ನ ತಮ್ಮನೆಂದು ಅವರಿಗೆ ಗೊತ್ತಿತ್ತು.

ಮಾರುತಿಯವರಿಗೆ ಗೊತ್ತಿರಲಿಲ್ಲ. "ಯಾರ್ರಿ, ಆ ಕನ್ನಡಕದ ಹುಡುಗ? ಪೆಟ್ಟಿಗಿ ಕೂಡ್ಸಾಕ ಬಂದಾಂವ? ಹೋದ್ನೇನ್ರಿ?" ಎಂದು ಕೇಳಿದರು. "ಅಂವ ಹಂಗ ಮಾಡಾವಲ್ಲ ನೋಡ್ರಿ" ಎಂದರು.

"ಅಂದ್ರ?" ಎಂದರು ಶಾಲಿನಿಬಾಯಿ.

"ಕೂಡಿಸಿದ ದಿನ ಊಟಕ್ಕ ಎಬ್ಬಿಸಿದ್ರ ಏಳವಲ್ಲ. 'ಕಾಕಾ, ಇದು ಒದರೂತನಾ ನಾ ಏಳಂಗಿಲ್ಲ' ಅಂದ. ಭಟ್ಟಿ ಮುಂದ ನನ್ನ ಬಾಜೂನ ಕುಂತಿದ್ದ. ಬೇಕಂತ ಶಾಖ ಏರಿಸಿ, ಅದು ಒದರಿದಮ್ಯಾಲ, ಮತ್ತೊಂದ ಸಲ ಒದರ್ಸಿ, ಆಮ್ಯಾಲ ಕೈ ತೊಳಕೊಂಡ. ವರ್ಷ ಬಿಟ್ಟು ನೋಡಾಕ ಬಂದಾಗೂ ಹಂಗ ಮಾಡಿದ. ಅಷ್ಟ ಕಾಳಜಿ ಇದ್ದ ಹುಡುಗಂದು ತಪ್ಪ ಅಂತ ನೀವು ಹೇಳ್ತೀರಿ, ನನಗ ಖರೇ ಅನಸೂದಿಲ್ರಿ."

ಮಾರುತಿಯವರಿಗೆ ತಪ್ಪಿಸಿಕೊಳ್ಳುವ ದಾರಿ ತೆರೆದಿತ್ತು. ಸತ್ತವನದು ತಪ್ಪು ಎಂದು ಒಪ್ಪಿಕೊಂಡು ಅವರು ಭಟ್ಟಿಗೆ ಮರಳಬಹುದಿತ್ತು. ಆ ಮನುಷ್ಯ ನನ್ನ ತಮ್ಮನ ಪರವಾಗಿ ನಿಂತರು. ಅವನ ಅಕ್ಕ ಕುರ್ಚಿಯ ಮೇಲೆ ಕೂತು ಕೇಳುತ್ತಿದ್ದಳು.

"ಅವಂದಲ್ರಿ" ಎಂದೆ. ಸರ್ ನನ್ನ ಕಡೆ ತಿರುಗಿದರು. "ಅವನು ಬರದಿದ್ದು ಸರಿ ಇತ್ತು. ನಾ ಅದರ ಬಾಜೂಕ ನಂದೊಂದು ಬರದು ಕೆಡಿಸಿದೆ. ಮಿತಿ ದಾಟಿಸಿ ನೋಡೂದನ್ನೂ ಬಿಟ್ಟೆ. ತಪ್ಪು ನಂದು."

ಶಾಲಿನಿಬಾಯಿ ಮೇಜಿನ ಮೇಲಿನ ಲೋಟವನ್ನು ಅತ್ತಿತ್ತ ಸರಿಸಿದರು. ತಮ್ಮ ಹೋದ ದುಃಖದಲ್ಲಿ ಹಾಗಾಗಿರಬೇಕು ಎಂದು ನನಗೆ ಏನೋ ಸಮಾಧಾನ ಹೇಳಲು ಹೊರಟರು. ನಂತರ ಮಾರುತಿಯವರಿಗೆ, "ಆತಲ್ಲಪಾ, ತಿಳೀತು. ನಾಳಿಂದ ಭಟ್ಟಿ ನಿಂದ" ಎಂದರು.

ಮಾರುತಿ ಹೊಸ್ತಿಲಾಚೆಯೇ ಇದ್ದರು. "ಬರ್ತೇನ್ರಿ ಬಾಯಿ" ಎಂದರು. ನನ್ನ ಕಡೆ ನೋಡಿದರು. "ಖರೇ ಅಂದ್ರ ಇವರು ಅವತ್ತ ನನಗ ಅಂದಿದ್ದು ಒಳಗ ಅಲ್ಲ. ಮಂದಿ ಮುಂದ."

ಸರ್, "ಆತ್ರಿ ಮಾರುತಿ, ದೊಡ್ಡ ಮನಸ ಮಾಡ್ರಿ" ಎಂದರು.

"ಮನಸಿಂದೇನ ಐತ್ರಿ ಸಾಹೇಬರ. ಭಟ್ಟಿ ಕೆಡಿಸಿದಾಂವ, ನಿದ್ದಿಬಡಕ ಅಂತ ನನ್ನ ಸೊಸೀತನಾ ಹೋಗೇತಿ ಮಾತು. ಅಲ್ಲಿತನಾ ಹೋದ ಮಾತು ಇಲ್ಲಿ ಕುರ್ಚೀ ಮ್ಯಾಲ ಅಂದ್ರ ತಿರುಗಿ ಬರತೈತೇನು?"

ಅವರು ದನಿ ಏರಿಸಲಿಲ್ಲ. ನಾನು ಎದ್ದೆ.

ಅಂಗಳದಲ್ಲಿ ಎಲ್ಲರೂ ಕೆಲಸದಲ್ಲಿದ್ದರು. ಶಾಲಿನಿಬಾಯಿ ಚಪ್ಪಾಳೆ ತಟ್ಟಿ ಕರೆದರು. ಹೆಂಗಸರು ಮಣ್ಣಿನ ಕೈಗಳನ್ನು ಮುಂದೆ ಹಿಡಿದುಕೊಂಡೇ ಬಂದು ನಿಂತರು. ಮೊದಲ ಸಲ ನಕ್ಕವರೂ ಇದ್ದರು. ಅವರಲ್ಲಿ ಹೆಚ್ಚಿನವರಿಗೆ ಮರಾಠಿಯಲ್ಲಿ ಹೇಳಬೇಕು. ನನಗೆ ಬರುವುದು ಖಾಸಬಾಗದ ಸಂತೆಯ ಮರಾಠಿ. ತರಕಾರಿಯ ಧಾರಣೆ ಕೇಳಲು ಸಾಕು, ಇಂಥ ಮಾತಿಗೆ ಅಭ್ಯಾಸವಿಲ್ಲ. ಝೆರಾಕ್ಸು, ಟವೆಲ್ಲು ಎಂದು ವಿವರಿಸಬೇಕೆಂದುಕೊಂಡಿದ್ದೆಲ್ಲ ಹೋಯಿತು.

"ಚೂಕ ಮಾಝೀ ಆಹೆ" ಎಂದೆ. "ಮಾರುತೀಂಚೀ ನಾಹೀ. ಭೋಂಗಾ ವಾಜಲಾಚ ನಾಹೀ." ತಪ್ಪು ನನ್ನದು, ಮಾರುತಿಯವರದಲ್ಲ, ಸೈರನ್ ಕೂಗಲೇ ಇಲ್ಲ ಎಂದು. ಒಬ್ಬ ಹೆಂಗಸು ಇನ್ನೊಬ್ಬಳಿಗೆ ಪಿಸುಗುಟ್ಟಿದಳು. ಯಾರೂ ನಗಲಿಲ್ಲ. ನಾನು ಮಾರುತಿಯವರ ಕಡೆ ತಿರುಗಿ, ನಿಮ್ಮನ್ನು ಹಾಗೆ ಕೇಳಿದ್ದೂ ತಪ್ಪು ಎಂದು ಕನ್ನಡದಲ್ಲಿ ಹೇಳಿದೆ.

ಅವರು ಕ್ಷಮಿಸಿದೆ ಎನ್ನಲಿಲ್ಲ. ನಳದ ಕೆಳಗೆ ಕಾಲು ತೊಳೆದು ಬಂದರು. ಪೆಟ್ಟಿಗೆಯ ಮೇಲಿದ್ದ ಕೈಗವುಸುಗಳನ್ನು ಹಾಕಿಕೊಂಡು, "ಬಾಜು ಸರೀರಿ ಮೇಡಂ, ಭಟ್ಟಿ ತುಂಬೂದೈತಿ" ಎಂದರು. ನಾನು ಸರಿದು ನಿಂತೆ.

ಅಂದಿನಿಂದ ನಮ್ಮಲ್ಲಿ ಬಿಲ್ಡ್ ಮಾಡಿದವರು ತಮ್ಮದನ್ನು ತಾವೇ ಪರೀಕ್ಷಿಸಬಾರದೆಂದು ನಿಯಮವಾಯಿತು. ಸೈರನ್ನಿರುವ ಯಾವ ಪೆಟ್ಟಿಗೆಯೂ ಮಿತಿ ದಾಟಿ ಕೂಗದೆ ಹೊರಗೆ ಹೋಗುವುದಿಲ್ಲ. ಹೊಸಬರಿಗೆ ನಾನು ಹೇಳಿಕೊಡುವುದು ಇಷ್ಟು: ಒಂದು ಕೆಲಸದಿಂದ ಇನ್ನೊಂದನ್ನು ಕರೆದರೆ, ಹೋದದ್ದು ಏನನ್ನು ಹೊತ್ತು ತಂದಿತು ಎಂದು ಕೈಯಾರೆ ನೋಡಿಕೊಳ್ಳುವ ಹೊಣೆ ಕರೆದವರದು. ಕೆಲಸ ಮುಗಿಯಿತು ಎಂದು ಪರದೆ ಹೇಳುತ್ತದೆ. ಕೆಲಸ ಆಯಿತೇ ಎಂದು ಅದಕ್ಕೆ ಗೊತ್ತಿರುವುದಿಲ್ಲ.

ಇದು ಅವರಿಗೆ ಹೇಳುವ ಪಾಠ. ನಾನು ಕಲಿತದ್ದು ಬೇರೆ. ಮನೆಯಲ್ಲಿ ಸಾವು ಕಂಡವರಿಗೆ ಜನ ದಾರಿ ಬಿಡುತ್ತಾರೆ. ತಡವಾಗಿ ಬಂದರೆ ಕೇಳುವುದಿಲ್ಲ, ಪರೀಕ್ಷೆ ಬಿಟ್ಟರೆ ನೋಡುವುದಿಲ್ಲ, ಸತ್ತವರ ಫೈಲನ್ನು ದೇವರ ಕೋಣೆ ಮಾಡಿಕೊಂಡರೆ ಪಾಪ ಎನ್ನುತ್ತಾರೆ. ನಾನು ಅದನ್ನೆಲ್ಲ ನನಗೆ ಸಲ್ಲಬೇಕಾದದ್ದೆಂದು ತೆಗೆದುಕೊಂಡೆ. ಈ ದುಃಖ ನನ್ನೊಬ್ಬಳದು, ಇದರಿಂದ ಬೇರೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದೆ. ಅದರ ಭಾರ ಹೊತ್ತು ಮಣ್ಣು ತುಳಿದದ್ದು, ನನ್ನ ತಮ್ಮನನ್ನು ಎರಡೇ ಸಲ ಕಂಡಿದ್ದ ಒಬ್ಬ ಮನುಷ್ಯ.